ಕ್ವಾಂಟಮ್ ತಂಡಕ್ಕೆ ಎಂಥವರು ಬೇಕು?

ಕೇಳುಗರಿಗೆ ನಮಸ್ಕಾರ. ಪರಮಾಣುಗಳ ಲೋಕದ ನಿಯಮಗಳನ್ನು, ಅಂದರೆ ಕ್ವಾಂಟಮ್ ನಿಯಮಗಳನ್ನು ಬಳಸಿ ಲೆಕ್ಕ ಮಾಡುವ ಯಂತ್ರ ಕ್ವಾಂಟಮ್ ಕಂಪ್ಯೂಟರ್. ಅದರ ಚಿಪ್ ತಯಾರಿಸುವ ಸಂಶೋಧಕರ ತಂಡವೊಂದನ್ನು ನಾನು ನಡೆಸುತ್ತೇನೆ. ಐಟಿಐ, ಡಿಪ್ಲೊಮಾ ಓದುತ್ತಿರುವ ಹುಡುಗ ಹುಡುಗಿಯರಿಗೆ, ಅವರ ಅಪ್ಪ ಅಮ್ಮಂದಿರಿಗೆ ಒಂದೇ ಮಾತು ಹೇಳಲು ಬಂದಿದ್ದೇನೆ. ಇಂಥ ತಂಡಕ್ಕೆ ಗಣಿತದ ಮೇಧಾವಿಗಳಷ್ಟೇ ಸಾಲದು, ಕೈಯಲ್ಲಿ ಕಸುಬು ಇರುವವರು ಬೇಕು.

ನಮ್ಮ ಚಿಪ್ ಕೆಲಸ ಮಾಡುವುದು ನೀರು ಹೆಪ್ಪುಗಟ್ಟುವುದಕ್ಕಿಂತ ಸುಮಾರು 273 ಡಿಗ್ರಿ ಕೆಳಗೆ. ನಕ್ಷತ್ರಗಳ ನಡುವಿನ ಬಯಲೂ ಅಷ್ಟು ತಣ್ಣಗಿಲ್ಲ. ಅಲ್ಲಿಗೆ ಇಳಿಯಲು ಫ್ರಿಜ್‌ಗೆ ಒಂದೆರಡು ದಿನವೇ ಹಿಡಿಯುತ್ತದೆ. ಇಳಿದ ಮೇಲೆ ಒಂದು ಕನೆಕ್ಟರ್ ಸಡಿಲವಿದೆ ಅಂತ ಗೊತ್ತಾದರೆ ಮತ್ತೆ ಬೆಚ್ಚಗೆ ಮಾಡಬೇಕು, ಬಿಚ್ಚಬೇಕು, ಬಿಗಿಯಬೇಕು, ಮೊದಲಿನಿಂದ ಶುರು ಮಾಡಬೇಕು.

ನನಗೆ ಬಹಳ ಇಷ್ಟವಾದ ಪ್ರಸಂಗ ಒಂದಿದೆ. 1980ರ ದಶಕದ ನಡುಭಾಗ, ಕ್ಯಾಲಿಫೋರ್ನಿಯಾದ ಬರ್ಕ್ಲಿ. ತಂಡದ ಹಿರಿಯರು ಜಾನ್ ಕ್ಲಾರ್ಕ್. ಜೊತೆಗೆ ಫ್ರಾನ್ಸಿನಿಂದ ಬಂದಿದ್ದ ಮಿಷೆಲ್ ಡೆವೊರೆ, ಪಿಎಚ್‌ಡಿ ಮಾಡುತ್ತಿದ್ದ ಜಾನ್ ಮಾರ್ಟಿನಿಸ್. ಕೈಯಲ್ಲಿ ಹಿಡಿಯಬಹುದಾದ ಸರ್ಕ್ಯೂಟ್ ಕೂಡ ಪರಮಾಣುವಿನಂತೆ ಕ್ವಾಂಟಮ್ ನಿಯಮಕ್ಕೆ ಒಳಪಡುತ್ತದೆಯೇ ಅನ್ನುವುದು ಅವರ ಪ್ರಶ್ನೆ. ಮಾಮೂಲಿ ನಿಯಮದ ಪ್ರಕಾರ ದಾಟಲಾಗದ ಶಕ್ತಿಯ ತಡೆಯನ್ನು ಸರ್ಕ್ಯೂಟ್ ತಾನಾಗಿ ದಾಟಿದರೆ ಹೌದು ಎಂದು ಅರ್ಥ. ಆದರೆ ಹೊರಗಿನ ಕೋಣೆಯ ಶಾಖದಿಂದ ಹುಟ್ಟುವ ವಿದ್ಯುತ್ ಗದ್ದಲ ತಂತಿಯ ಗುಂಟ ಇಳಿದು ಸರ್ಕ್ಯೂಟನ್ನು ತಳ್ಳಿದರೂ ಫಲಿತಾಂಶ ಥೇಟ್ ಹಾಗೇ ಕಾಣುತ್ತದೆ! ಯಾವುದು ನಿಜ ಅಂತ ಹೇಗೆ ಹೇಳುವುದು?

ಅವರು ಮಾಡಿದ್ದು ನೋಡಿ. ಲೋಹದ ಕೊಳವೆ ತೆಗೆದುಕೊಂಡರು. ಒಳಗೆ ಸುರುಳಿ ಸುತ್ತಿದ ತಂತಿ ಇಟ್ಟು, ಪುಟ್ಟಿನ ಕೊಳವೆಗೆ ಅಕ್ಕಿ ಹಿಟ್ಟು ತುಂಬಿದ ಹಾಗೆ ಸುತ್ತಲೂ ತಾಮ್ರದ ಪುಡಿ ತುಂಬಿದರು. ಒಂದೊಂದು ಕಣದ ಮೇಲೂ ಆಕ್ಸೈಡಿನ ತೆಳು ಪದರ ಇರುತ್ತದೆ, ಹಾಗಾಗಿ ಕಣಗಳು ಒಂದಕ್ಕೊಂದು ಶಾರ್ಟ್ ಆಗುವುದಿಲ್ಲ. ಕೋಟ್ಯಂತರ ಕಣಗಳ ಮೈ ಸೇರಿ ಆ ಗದ್ದಲವನ್ನು ನುಂಗಿಬಿಟ್ಟಿತು. ಆಮೇಲೂ ಸರ್ಕ್ಯೂಟ್ ತಡೆಯನ್ನು ದಾಟಿತು. ಆ ಪ್ರಯೋಗಗಳಿಗೆ 2025ರಲ್ಲಿ ಮೂವರಿಗೂ ನೊಬೆಲ್ ಬಂತು. ತಾಮ್ರದ ಪುಡಿ ಸ್ವಾಮಿ, ತಾಮ್ರದ ಪುಡಿ! ಅದನ್ನು ತುಂಬಿದ ಕೈಗಳು!

ತಂಡ ನಡೆಸುವವರು ಅಂಥ ಕೈಗಳಿಗೆ ಮೀಟಿಂಗಿನಲ್ಲಿ ಮೊದಲ ಕುರ್ಚಿ ಕೊಡಬೇಕು. "ಸರ್, ಇಲ್ಲಿ ಲೀಕ್ ಇದೆ" ಅಂತ ಟೆಕ್ನಿಷಿಯನ್ ಅಂದರೆ ಪ್ರೊಫೆಸರ್ ಸುಮ್ಮನಾಗಿ ಕೇಳಬೇಕು. ಎಷ್ಟೋ ಕಡೆ ಇನ್ನೂ ಇದನ್ನು ವಿವರಿಸಿ ಹೇಳಬೇಕಾಗಿದೆ, ಬೇಸರವಾಗುತ್ತದೆ.

ಸಮಯ ಮುಗಿಯುತ್ತಾ ಬಂತು. ಕೇಂದ್ರ ಸರ್ಕಾರ 2023ರಲ್ಲಿ 6,003 ಕೋಟಿ ರೂಪಾಯಿಗೂ ಮೀರಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಅದರ ಕಂಪ್ಯೂಟಿಂಗ್ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ. ನಿರ್ವಾತ ಪಂಪು, ವೆಲ್ಡಿಂಗ್, ಮೈಕ್ರೋವೇವ್ ವೈರಿಂಗ್, ಇವುಗಳಲ್ಲಿ ಯಾವುದು ಕೈಗೆ ಹತ್ತಿದರೂ ಬಿಡಬೇಡಿ. ಸಂಸ್ಥೆಯವರು ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಚಿಪ್ ತೋರಿಸಿ ಅನ್ನುವ ಮೊದಲು ವೈರಿಂಗ್ ಮಾಡಿದವರು ಯಾರು ಅಂತ ಕೇಳಿ, ಅವರ ಹತ್ತಿರ ಮಾತಾಡಿಸಿ. ನಮಸ್ಕಾರ.