ಉಳಲು ನೆಲ, ಉಣ್ಣಲು ಕಾಳು: ಗಾಥ್ ಜನರ ವಲಸೆ

ಕೇಳುಗರೆಲ್ಲರಿಗೂ ನಮಸ್ಕಾರ.

ಶಾಲೆಯಲ್ಲಿ ನಾವೆಲ್ಲ ಒಂದು ಸಾಲು ಬಾಯಿಪಾಠ ಮಾಡಿದ್ದೇವೆ, ಅಲ್ವಾ? ಬರ್ಬರರು ದಾಳಿ ಮಾಡಿದರು, ರೋಮ್ ಸಾಮ್ರಾಜ್ಯ ಬಿತ್ತು. ಆ ಸಾಲು ಕಿವಿಗೆ ಬಿದ್ದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಆ 'ಬರ್ಬರ'ರಲ್ಲಿ ಮುಖ್ಯರಾದ ಗಾಥ್ ಜನ ಕೇಳಿದ್ದು ಎರಡೇ. ಉಳಲು ನೆಲ, ಉಣ್ಣಲು ಕಾಳು. ಇವತ್ತು ಇದೊಂದು ಮಾತು ನಿಮ್ಮ ಮನಸ್ಸಿನಲ್ಲಿ ಉಳಿದರೆ ನನಗೆ ಸಾಕು.

ಗಾಥರು ಬೇಸಾಯದ ಜನ, ಆಡುತ್ತಿದ್ದುದು ಜರ್ಮಾನಿಕ್ ಭಾಷೆ. ಡ್ಯಾನ್ಯೂಬ್ ನದಿಯ ಉತ್ತರಕ್ಕೆ, ಈಗಿನ ರೊಮೇನಿಯಾ, ಉಕ್ರೇನ್ ಕಡೆ ಅವರ ಊರುಗಳಿದ್ದವು. ಪೂರ್ವದಿಂದ ಹೂಣರು ಕುದುರೆ ಏರಿ ಬಂದಾಗ ಊರು ಬಿಡಬೇಕಾಯಿತು. ಕ್ರಿ.ಶ. 376ರಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಡ್ಯಾನ್ಯೂಬ್ ದಡಕ್ಕೆ ಬಂದು ನಿಂತರು. ಆಚೆ ದಡ ರೋಮನ್ನರದು. ದಾಟಲು ಬಿಡಿ ಎಂದು ಬೇಡಿಕೊಂಡರು. ದಾಳಿ ಮಾಡುವವರು ಅಪ್ಪಣೆ ಕೇಳುತ್ತಾರೆಯೇ? ಚಕ್ರವರ್ತಿ ವೇಲೆನ್ಸ್ ದೂರದ ಆಂಟಿಯೋಕ್‌ನಲ್ಲಿದ್ದ. ಸೈನ್ಯಕ್ಕೆ ಆಳು ಸಿಗುತ್ತಾರೆಂದು ಒಪ್ಪಿಗೆ ಕೊಟ್ಟ.

ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ಕೇಳಿ. ಮಳೆಗೆ ಹೊಳೆ ತುಂಬಿ ಹರಿಯುತ್ತಿತ್ತು. ದೋಣಿ, ತೆಪ್ಪ, ಕೊರೆದ ಮರದ ದಿಮ್ಮಿ, ಸಿಕ್ಕಿದ್ದರಲ್ಲಿ ಕೂತು ಹಗಲು ರಾತ್ರಿ ದಾಟಿದರು. ಈಜಲು ಹೋದವರಲ್ಲಿ ಎಷ್ಟೋ ಜನ ಕೊಚ್ಚಿಹೋದರು. ತಲೆ ಎಣಿಸಲು ಹೊರಟ ಅಧಿಕಾರಿಗಳು ಲೆಕ್ಕ ಸಿಗದೆ ಕೈಬಿಟ್ಟರು.

ದಡ ಸೇರಿದ ಮೇಲೆ ಹಸಿವು. ಅಲ್ಲಿದ್ದ ರೋಮನ್ ಅಧಿಕಾರಿಗಳು ಲುಪಿಸಿನಸ್, ಮ್ಯಾಕ್ಸಿಮಸ್. ಅವರು ಮಾಡಿದ್ದೇನು ಗೊತ್ತೇ? ಊರೂರಿನಿಂದ ನಾಯಿಗಳನ್ನು ಹಿಡಿಸಿ ತಂದು ಮಾರಿದರು. ತಿನ್ನಲು. ಒಂದು ನಾಯಿಗೆ ಬೆಲೆ ಒಬ್ಬ ಗುಲಾಮ. ಹಾಗೆ ಗುಲಾಮರಾಗಿ ಹೋದವರಲ್ಲಿ ಗಾಥ್ ಮುಖಂಡರ ಮಕ್ಕಳೂ ಇದ್ದರು. ಇದನ್ನು ಬರೆದಿಟ್ಟವನು ಗಾಥನಲ್ಲ. ರೋಮನ್ ಸೈನ್ಯದಲ್ಲೇ ದುಡಿದಿದ್ದ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್. ಎಷ್ಟು ಸಲ ಓದಿದರೂ ಆ ಪುಟದಲ್ಲಿ ನಾನು ನಿಂತುಬಿಡುತ್ತೇನೆ.

ಆಮೇಲೆ ಮಾರ್ಸಿಯಾನೋಪಲ್ ಪಟ್ಟಣದಲ್ಲಿ ಲುಪಿಸಿನಸ್ ಗಾಥ್ ನಾಯಕರನ್ನು ಊಟಕ್ಕೆ ಕರೆದ. ಒಳಗೆ ಔತಣ, ಹೊರಗೆ ಹಸಿದ ಜನ. ದಿನಸಿ ಕೊಳ್ಳಲು ಊರೊಳಗೆ ಬಿಡಿ ಎಂದರೆ ಬಿಡಲಿಲ್ಲ. ಜಗಳ ಹತ್ತಿಕೊಂಡಿತು. ನಾಯಕರ ಕಾವಲುಗಾರರನ್ನು ಲುಪಿಸಿನಸ್ ಕೊಲ್ಲಿಸಿದ. ನಾಯಕ ಫ್ರಿಟಿಗರ್ನ್ ತಪ್ಪಿಸಿಕೊಂಡು ಬಂದ. ಅಲ್ಲಿಂದ ಯುದ್ಧ. 378ರ ಆಗಸ್ಟ್ 9ರಂದು ಏಡ್ರಿಯಾನೋಪಲ್ ಬಳಿ ವೇಲೆನ್ಸ್ ಸತ್ತ, ಅವನ ಸೈನ್ಯದ ಮೂರರಲ್ಲಿ ಎರಡು ಪಾಲು ಅಳಿಯಿತು. ಇಷ್ಟಕ್ಕೆಲ್ಲ ಮೂಲ ಏನು? ಕಾಳು.

ಸಮಯ ಜಾಸ್ತಿ ಉಳಿದಿಲ್ಲ, ಹಾಗಾಗಿ ಮುಂದೆ ಗಾಥರ ನಾಯಕನಾದ ಅಲಾರಿಕ್‌ನ ಕತೆ ಚುಟುಕಾಗಿ ಹೇಳುತ್ತೇನೆ. 408ರಲ್ಲಿ ಅವನು ರೋಮ್ ನಗರಕ್ಕೆ ಮುತ್ತಿಗೆ ಹಾಕಿದ. ಬಿಟ್ಟುಹೋಗಲು ತೆತ್ತ ಪಟ್ಟಿಯಲ್ಲಿ 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿ ಇದ್ದವು. ಜೊತೆಗೆ 3,000 ಪೌಂಡ್ ಮೆಣಸು! ನಮ್ಮ ಪಶ್ಚಿಮ ಕರಾವಳಿಯಿಂದ ಹಡಗಿನಲ್ಲಿ ಈಜಿಪ್ಟಿಗೆ, ಅಲ್ಲಿಂದ ರೋಮಿಗೆ ಹೋಗುತ್ತಿದ್ದ ಕಾಳುಮೆಣಸು. ಈ ಪಟ್ಟಿ ತೋರಿಸಿ "ನೋಡಿ, ಕೊಳ್ಳೆ ಹೊಡೆದರು" ಎನ್ನುವವರಿದ್ದಾರೆ. ಅವರು ಮುಂದಿನ ವರ್ಷದ ಮಾತುಕತೆಯನ್ನೂ ಓದಬೇಕು. ಚಿನ್ನ ಬೇಡ, ಪದವಿ ಬೇಡ, ನೋರಿಕಮ್ ಎಂಬ ಗಡಿ ಪ್ರಾಂತ್ಯ ಕೊಡಿ, ವರ್ಷಕ್ಕಿಷ್ಟು ಧಾನ್ಯ ಕೊಡಿ ಎಂದು ಅಲಾರಿಕ್ ಹೇಳಿಕಳಿಸಿದ್ದ. ಮತ್ತೆ ಅದೇ ನೆಲ, ಅದೇ ಕಾಳು. ರವೆನ್ನಾದಲ್ಲಿದ್ದ ಚಕ್ರವರ್ತಿ ಹೊನೋರಿಯಸ್ ಒಪ್ಪಲಿಲ್ಲ. 410ರ ಆಗಸ್ಟ್‌ನಲ್ಲಿ ಗಾಥರು ರೋಮ್ ನಗರಕ್ಕೆ ನುಗ್ಗಿ ಮೂರು ದಿನ ಸೂರೆ ಮಾಡಿದರು.

ಅದೇ ವರ್ಷ ಅಲಾರಿಕ್ ತೀರಿಕೊಂಡ. ಜನ ಮತ್ತೆ ಹೊರಟರು. ಇಟಲಿ ಬಿಟ್ಟು ಗಾಲ್, ಅಂದರೆ ಈಗಿನ ಫ್ರಾನ್ಸ್ ಕಡೆ, ಅಲ್ಲಿಂದ ಸ್ಪೇನ್. ಕೊನೆಗೆ 418ರಲ್ಲಿ ರೋಮನ್ನರೇ ಅವರನ್ನು ಕರೆಸಿ, ಈಗಿನ ಫ್ರಾನ್ಸಿನ ನೈಋತ್ಯದಲ್ಲಿ, ಗರೋನ್ ನದಿಯ ಬಯಲಿನಲ್ಲಿ ನೆಲೆ ಕೊಟ್ಟರು. ಡ್ಯಾನ್ಯೂಬ್ ದಾಟಿ ಆಗಲೇ 42 ವರ್ಷ ಕಳೆದಿತ್ತು. ಅಮ್ಮನ ಕಂಕುಳಲ್ಲಿ ಕೂತು ತೆಪ್ಪ ಹತ್ತಿದ ಮಗುವೊಂದು ಬದುಕಿ ಉಳಿದಿದ್ದರೆ, ಅದರ ತಲೆ ಅಷ್ಟರಲ್ಲಿ ನರೆತಿರುತ್ತಿತ್ತು.

ನಮಸ್ಕಾರ.