ಹಿಮದ ನಾಡಿನಲ್ಲಿ ಜಮೀನು ನೋಡುವುದು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿ, ಉತ್ತರದ ತುತ್ತತುದಿಗೆ, ಅರೂಸ್ಟೂಕ್ ಕೌಂಟಿ, ಅಂದರೆ ಜಿಲ್ಲೆ, ಇದೆ. ಆಲೂಗಡ್ಡೆ ಸುಗ್ಗಿಗೆಂದೇ ಶಾಲೆಗೆ ರಜೆ ಕೊಡುವ ರೂಢಿ ಬೆಳೆದ ನಾಡು ಅದು. ಭೂಮಿ ಅಗ್ಗ, ಬೆಳೆದು ಉಣ್ಣೋಣ, ನಮ್ಮದೇ ಸೌದೆ ಉರಿಸೋಣ ಎಂದು ಅಲ್ಲಿಗೆ ಹೊರಡುವವರು ಮೊದಲು ವಿಚಾರಿಸುವುದು ಚಳಿಯನ್ನು. 2009ರ ಜನವರಿಯಲ್ಲಿ ಬಿಗ್ ಬ್ಲ್ಯಾಕ್ ನದಿಯ ಬಳಿ ಸೊನ್ನೆಗಿಂತ 45 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದದ್ದು ನಿಜ. ಅಂಥ ರಾತ್ರಿಯನ್ನು ಒಳ್ಳೆಯ ಗೋಡೆ, ಒಳ್ಳೆಯ ಒಲೆ ಕಳೆಸಿಬಿಡುತ್ತವೆ. ವಿಚಾರಿಸಬೇಕಾದದ್ದು ಬೇಸಿಗೆ ಎಷ್ಟು ದಿನ ಎಂಬುದನ್ನು.

ಅಲ್ಲಿನ ಕ್ಯಾರಿಬೂ ಪಟ್ಟಣದ ಸುತ್ತ ಇಬ್ಬನಿ ಹೆಪ್ಪುಗಟ್ಟದ ದಿನಗಳು ಸುಮಾರು 120. ಆಲೂಗಡ್ಡೆ, ಓಟ್ಸ್, ಎಲೆಕೋಸಿಗೆ ಸಾಕು. ಟೊಮೆಟೊ ಸಸಿಯನ್ನು ಆರೆಂಟು ವಾರ ಮನೆಯೊಳಗೇ ಬೆಳೆಸಿ ನೆಡಬೇಕು. ಆದರೆ ಇದು ಪಟ್ಟಣದ ಲೆಕ್ಕ; ನೀವು ನೋಡುವ ಜಮೀನಿನದಲ್ಲ. ತಂಪು ಗಾಳಿ ಭಾರ, ನೀರಿನಂತೆ ತಗ್ಗಿಗೆ ಹರಿಯುತ್ತದೆ. ಇಳಿಜಾರಿನ ಕೆಳಗೆ ದಟ್ಟ ಮರಗಳ ಸಾಲಿದ್ದರೆ ಅದೇ ಒಡ್ಡಾಗಿ ಗಾಳಿ ನಿಲ್ಲುತ್ತದೆ. ಸೆಪ್ಟೆಂಬರ್‌ನಲ್ಲಿ, ಗಾಳಿಯಿಲ್ಲದ ತಿಳಿ ರಾತ್ರಿ, ಕನಿಷ್ಠ ಉಷ್ಣತೆ ಗುರುತಿಸುವ ಎರಡು ಥರ್ಮಾಮೀಟರು ಇಡಿ: ತಗ್ಗಿನಲ್ಲೊಂದು, ಇಳಿಜಾರಿನ ನಡುವೆ ಒಂದು, ಮೊಣಕಾಲೆತ್ತರಕ್ಕೆ. ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಕಂಡರೆ ತಗ್ಗಿನಲ್ಲಿ ತೋಟದ ಆಸೆ ಬಿಡಿ.

ದಕ್ಷಿಣಕ್ಕೆ ಬಾಗಿದ ನೆಲವಾದರೆ ಹಿಮ ಬೇಗ ಕರಗುತ್ತದೆ. ಮನೆಗೂ ಆ ದಿಕ್ಕು ತೆರೆದಿರಲಿ. ಡಿಸೆಂಬರ್ ಕೊನೆಗೆ ನಡುಹಗಲಲ್ಲೂ ಸೂರ್ಯ ಬಾನಂಚಿನಿಂದ 20 ಡಿಗ್ರಿ ಮೇಲೇರುವುದಿಲ್ಲ. 10 ಮೀಟರಿನ ಮರ 28 ಮೀಟರು ನೆರಳು ಚಾಚುತ್ತದೆ.

ಸೌದೆಯ ಅಳತೆ ಅಲ್ಲಿ ಕಾರ್ಡ್: 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಿಲು. ಸಾಧಾರಣ ಮನೆಗೆ ಚಳಿಗಾಲಕ್ಕೆ ಆರು ಕಾರ್ಡ್ ಎಂದಿಟ್ಟುಕೊಳ್ಳಿ. ಕಾಡು ಬರಿದಾಗದಂತೆ ಎಕರೆಗೆ ವರ್ಷಕ್ಕೆ ಅರ್ಧ ಕಾರ್ಡ್ ಕಡಿಯಬಹುದು, ಅಂದರೆ 12 ಎಕರೆ ಮರ ಬೇಕು. ಎಂಥ ಮರ ಎಂಬುದೂ ಮುಖ್ಯ. ಅಗ್ಗಕ್ಕೆ ಸಿಗುವ ಜಮೀನಿನಲ್ಲಿ ಬೆಲೆಬಾಳುವ ಮೇಪಲ್, ಹಳದಿ ಬರ್ಚ್ ಕಡಿದು ಸಾಗಿಸಿ, ಎಳೆಯ ಪಾಪ್ಲರ್, ಫರ್ ಉಳಿಸಿರುವುದೇ ಹೆಚ್ಚು. ಅವು ಬೇಗ ಉರಿದು ಬೂದಿಯಾಗುತ್ತವೆ. ಮೊದಲ ವರ್ಷ ಒಣಸೌದೆ ಕೊಳ್ಳಲೇಬೇಕು. ಹಸಿಸೌದೆ ಉರಿಸಿದರೆ ಚಿಮಣಿಯೊಳಗೆ ಡಾಂಬರಿನಂಥ ಮಸಿ ಕಟ್ಟಿ ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ.

ನೀರಿನ ಪೈಪು ಐದಾರು ಅಡಿ ಆಳದಲ್ಲಿರಬೇಕು. ಇಲ್ಲಿ ಹಲವರು ಒಂದು ಸಂಗತಿ ಮರೆಯುತ್ತಾರೆ: ಹಿಮ ನೆಲಕ್ಕೆ ಕಂಬಳಿ. ಅದನ್ನು ಗುಡಿಸಿದ ದಾರಿಯ ಕೆಳಗೆ ನೆಲ ಇನ್ನೂ ಆಳಕ್ಕೆ ಹೆಪ್ಪುಗಟ್ಟುತ್ತದೆ. ಹಾಗಾಗಿ ಬಾವಿಯಿಂದ ಬರುವ ಪೈಪು ಕಾರು ಓಡಾಡುವ ದಾರಿಯನ್ನು ದಾಟದಂತೆ ಮನೆಯ ಜಾಗ ಆರಿಸಿ. ಕೈಪಂಪಾದರೆ, ಹೆಪ್ಪುಗಟ್ಟದ ಆಳದಲ್ಲಿ ಕೊಳವೆಗೆ ಸಣ್ಣ ತೂತು ಇರಲಿ. ಪಂಪು ನಿಲ್ಲಿಸಿದೊಡನೆ ಮೇಲಿನ ನೀರು ಅದರಿಂದ ಬಾವಿಗೇ ಇಳಿಯುತ್ತದೆ.

ಇನ್ನು ರಸ್ತೆ. ಚಳಿಗಾಲದಲ್ಲಿ ಊರಿನ ಆಡಳಿತ ಹಿಮ ತೆಗೆಯುವ ರಸ್ತೆಯೇ ಎಂದು ಅವರ ಕಚೇರಿಯಲ್ಲೇ ಕೇಳಿ, ಮಾರುವವನನ್ನಲ್ಲ. ಆಮೇಲೆ ಏಪ್ರಿಲ್‌ನಲ್ಲಿ, ಹಿಮ ಕರಗಿ ಮಣ್ಣುದಾರಿ ಕೆಸರಾದಾಗ, ಇನ್ನೊಮ್ಮೆ ಹೋಗಿ ನೋಡಿ ಬನ್ನಿ.