ಮಾರ್ಗರೆಟ್ ಅಂದರೆ ಮುತ್ತಮ್ಮ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮಲ್ಲಿ ಮಗುವಿಗೆ ಹೆಸರಿಟ್ಟ ಕೂಡಲೇ ಬರುವ ಪ್ರಶ್ನೆ ಒಂದೇ. "ಹಾಗಂದ್ರೆ ಏನರ್ಥ?" ತೊಟ್ಟಿಲ ಸುತ್ತ ನಿಂತವರಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಇದೇ ಪ್ರಶ್ನೆಯನ್ನು ಎಡ್ವರ್ಡ್ ಅನ್ನೋರಿಗೋ ಮಾರ್ಗರೆಟ್ ಅನ್ನೋರಿಗೋ ಕೇಳಿ ನೋಡಿ. ಎಷ್ಟೋ ಜನ ತಲೆ ಕೆರೆದುಕೊಳ್ಳುತ್ತಾರೆ. ಅವರದೇನೂ ತಪ್ಪಿಲ್ಲ. ಇಂಗ್ಲಿಷ್ ಹೆಸರುಗಳ ಅರ್ಥ ಹಳೆಯ ಮಾತುಗಳಲ್ಲೋ, ಬೇರೆ ಊರಿನ ಮಾತುಗಳಲ್ಲೋ ಹೂತುಹೋಗಿದೆ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅವನ ಕಡೆಯವರ ಜೊತೆ ವಿಲಿಯಂ, ರಾಬರ್ಟ್, ರಿಚರ್ಡ್ ಎಂಬ ಹೆಸರುಗಳೂ ಬಂದವು. ದೊರೆಗಳ ಹೆಸರೆಂದರೆ ಎಲ್ಲರಿಗೂ ಆಸೆ, ಅಲ್ವಾ? ಕೆಲವೇ ತಲೆಮಾರುಗಳಲ್ಲಿ ಗಾಡ್ವಿನ್, ಲಿಯೊಫ್ರಿಕ್ ಮುಂತಾದ ನಾಡಹೆಸರುಗಳು ಮೂಲೆ ಸೇರಿದವು. ಉಳಿದುಕೊಂಡ ಕೆಲವೇ ಹೆಸರುಗಳಲ್ಲಿ ಎಡ್ವರ್ಡ್ ಒಂದು. ಆ ಹೆಸರಿನ ಹಳೆಯ ರಾಜನೊಬ್ಬ ಸಂತನೆನಿಸಿಕೊಂಡಿದ್ದ. ಮುಂದೆ ಇಂಗ್ಲೆಂಡಿನ ದೊರೆಯಾದ ಮೂರನೇ ಹೆನ್ರಿಗೆ ಅವನ ಮೇಲೆ ಬಹಳ ಭಕ್ತಿ. 1239ರಲ್ಲಿ ಹುಟ್ಟಿದ ಮಗನಿಗೆ ಅದೇ ಹೆಸರಿಟ್ಟ. ಎಡ್ವರ್ಡ್ ಅಂದರೆ ಸಿರಿಯನ್ನು ಕಾಯುವವನು. ನಮ್ಮ ಶ್ರೀಪಾಲನೇ ಅನ್ನಿ.

ನನಗೆ ಇವೆಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಮಾರ್ಗರೆಟ್. ಗ್ರೀಕ್ ಮಾತಿನಲ್ಲಿ ಮಾರ್ಗರಿಟೆಸ್ ಎಂದರೆ ಮುತ್ತು. ಹಾಗಾಗಿ ಮಾರ್ಗರೆಟ್ ಎಂದರೆ ಮುತ್ತಮ್ಮ! ಈ ಮುತ್ತಮ್ಮನಿಗೆ ಮುದ್ದಿನ ಹೆಸರುಗಳು ಒಂದೆರಡಲ್ಲ. ಮ್ಯಾಗಿ, ಮೆಗ್, ಗ್ರೇಟಾ, ರೀಟಾ. ಮೆಗ್‌ಗೆ ಪ್ರಾಸ ಹೊಂದಿಸಿ ಪೆಗ್, ಪೆಗ್ಗಿ ಅಂತಲೂ ಕರೆದರು. ಪೆಗ್ ಅಂದರೆ ನಮ್ಮೂರಲ್ಲಿ ಬೇರೆಯೇ ಅರ್ಥ, ಬಿಡಿ. ಇದೇ ಪ್ರಾಸದ ಆಟದಲ್ಲೇ ರಿಚರ್ಡ್ ಮೊದಲು ರಿಕ್ ಆಗಿ, ಆಮೇಲೆ ಡಿಕ್ ಆದದ್ದು.

ಇನ್ನೂ ಒಂದು ತಮಾಷೆ ಇದೆ. ಫ್ರೆಂಚರು ಡೇಸಿ ಹೂವಿಗೆ ಮಾರ್ಗರೀಟ್ ಎನ್ನುತ್ತಾರೆ. ಅದರಿಂದ ಮಾರ್ಗರೆಟ್‌ಗಳಿಗೆ ಡೇಸಿ ಎಂಬ ಅಡ್ಡಹೆಸರೂ ಅಂಟಿತು. ಡೇಸಿ ಮಾತ್ರ ಅಪ್ಪಟ ಇಂಗ್ಲಿಷ್ ಪದ. ಅರ್ಥ, ಹಗಲಿನ ಕಣ್ಣು. ಬೆಳಗ್ಗೆ ಅರಳಿ ಸಂಜೆ ಮುಚ್ಚಿಕೊಳ್ಳುವ ಪುಟ್ಟ ಹೂವು. ನೋಡಿ, ಮುತ್ತು ಹೂವಾಯಿತು, ಹೂವು ಕಣ್ಣಾಯಿತು. ಹೆಸರಿಟ್ಟ ತಾಯಂದಿರಿಗೆ ಇದರ ಗೊಡವೆಯೇ ಇರಲಿಲ್ಲವೇನೋ. ಸುಮ್ನೆ ಕಿವಿಗೆ ಹಿತವಾಗಿತ್ತು, ಇಟ್ಟರು.

ಮುತ್ತು ಅಂದಮೇಲೆ ಹರಳುಗಳ ಮಾತೂ ಬರಲೇಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ರೂಬಿ, ಪರ್ಲ್, ಬೆರಿಲ್ ಎಂದು ಹರಳುಗಳ ಹೆಸರಿಡುವುದು ಶುರುವಾಯಿತು. ನಮ್ಮ ರತ್ನಮ್ಮ, ಮಾಣಿಕ್ಯಮ್ಮನ ಹಾಗೆ. ಬೆರಿಲ್ ಒಂದು ಹಸಿರು-ನೀಲಿ ಕಲ್ಲು. ಇಂಗ್ಲಿಷಿಗೆ ಅದು ಫ್ರೆಂಚಿನಿಂದ ಬಂತು. ಫ್ರೆಂಚಿಗೆ ಲ್ಯಾಟಿನ್ನಿಂದ, ಲ್ಯಾಟಿನ್ನಿಗೆ ಗ್ರೀಕ್‌ನಿಂದ. ಗ್ರೀಕರಿಗೆ ಎಲ್ಲಿಂದ? ಪ್ರಾಕೃತದ ವೇರುಲಿಯದಿಂದ. ಅದೇ ಸಂಸ್ಕೃತದಲ್ಲಿ ವೈಡೂರ್ಯ. ದಕ್ಷಿಣ ಭಾರತದ ಈ ಕಲ್ಲಿಗೆ ರೋಮಿನವರೆಗೂ ಗಿರಾಕಿಗಳಿದ್ದರು. ಕಲ್ಲಿನ ಬೆನ್ನಿಗೇ ಹೆಸರೂ ಹಡಗು ಹತ್ತಿತು. ಇವತ್ತು ನಮ್ಮ ಅಕ್ಕಸಾಲಿಗರು ವೈಡೂರ್ಯ ಎನ್ನುವುದು ಬೆಕ್ಕಿನ ಕಣ್ಣಿನಂಥ ಬೇರೆ ಕಲ್ಲಿಗೆ, ಅದಿರಲಿ.

ಇಂಗ್ಲೆಂಡಿನಲ್ಲಿರುವ ನಮ್ಮವರು ಯಾರಾದರೂ ಇದನ್ನು ಕೇಳುತ್ತಿದ್ದರೆ ಒಂದು ಮಾತು. ನಿಮ್ಮ ಬೀದಿಯಲ್ಲಿ ತೊಂಬತ್ತರ ಆಸುಪಾಸಿನ ಬೆರಿಲ್ ಅಜ್ಜಿಯೊಬ್ಬರು ಸಿಕ್ಕರೆ, ಹೆಸರಿನ ಅರ್ಥ ಅವರನ್ನು ಕೇಳಬೇಡಿ. ನೀವೇ ಹೇಳಿ.

ನಮಸ್ಕಾರ.